ಮೂರನೇ ಮಂಚದ ಹನ್ನೊಂದು ನಿಮಿಷ

ನಮ್ಮಲ್ಲಿ ಪಾಳಿ ಬದಲಾಗುವುದು ಮಧ್ಯಾಹ್ನ ಎರಡು ಗಂಟೆಗೆ. ಮನೆಗೆ ಹೋಗುವ ಸಿಸ್ಟರ್ ರಜಿಸ್ಟರ್ ತೆರೆದು ಒಂದೊಂದೇ ಮಂಚದ ವಿವರ ಓದುತ್ತಾಳೆ, ಬಂದವಳು ಕೇಳಿ ಸಹಿ ಮಾಡುತ್ತಾಳೆ. ಆ ದಿನ ಓದುತ್ತಿದ್ದವಳು ನಾನು. ಕೇಳುತ್ತಿದ್ದವಳು ಮಹಾಲಿಂಗಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ನನ್ನ ಜೊತೆಯ ಸಿಸ್ಟರ್. ಎರಡನೇ ಮಂಚದ ಅಜ್ಜನ ವಿವರ ಇನ್ನೂ ಮುಗಿದಿರಲಿಲ್ಲ, ಮೂರನೇ ಮಂಚದ ಮಾನಿಟರ್ ಕೂಗತೊಡಗಿತು.

"ಅದರದು ಮತ್ತ ಚಾಲೂ ಆತ ನೋಡ್ರಿ," ಎಂದಳು ಆಕೆ.

"ಬೆರಳಿನ ಕ್ಲಿಪ್ಪ ಸರದಿರತೈತಿ. ಇದೊಂದ ಓದಿ ಮುಗಿಸಿ ನೋಡ್ತೇನಿ," ಎಂದೆ.

ನಮ್ಮ ಟೇಬಲ್ಲಿಗೂ ಆ ಮಂಚಕ್ಕೂ ನಡುವೆ ಆರು ಹೆಜ್ಜೆ ಇರಬಹುದು. ಆಮೇಲೆ ನಾನು ಅಳೆದು ನೋಡಿದ್ದೇನೆ. ಆರೇ.

ಜಮಖಂಡಿಯ ಆ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಆರು ಮಂಚಗಳಿದ್ದವು. ಒಂದು ಪಾಳಿಗೆ ಒಬ್ಬ ಸಿಸ್ಟರ್, ಒಬ್ಬ ಆಯಾ. ಅಷ್ಟು ಜನರಿಂದ ಕೆಲಸ ಸಾಗುತ್ತಿರಲಿಲ್ಲವಾದ್ದರಿಂದ ಪ್ರತಿ ರೋಗಿಯ ಪಕ್ಕದಲ್ಲಿ ಮನೆಯವರೊಬ್ಬರನ್ನು ಸ್ಟೂಲಿನ ಮೇಲೆ ಕೂರಿಸುವ ಪದ್ಧತಿ ನಮ್ಮಲ್ಲಿತ್ತು. ರೋಗಿ ಕೈಯಲ್ಲಿನ ಸೂಜಿ ಕಿತ್ತುಕೊಳ್ಳದಂತೆ, ಮುಖದ ಮಾಸ್ಕ್ ತೆಗೆಯದಂತೆ ಅವರು ನೋಡಿಕೊಳ್ಳುತ್ತಿದ್ದರು. ಮಾನಿಟರ್ ಕೂಗಿದರೆ ಅವರು ಗಾಬರಿಯಾಗಿ ನಮ್ಮ ಕಡೆ ಓಡಿ ಬರುತ್ತಿದ್ದರು. ದಿನಕ್ಕೆ ಎಷ್ಟು ಸಲ ಓಡಿ ಬಂದಾರು? ಅದಕ್ಕೆ ಎಲ್ಲರಿಗೂ ಮೊದಲ ದಿನವೇ ಒಂದು ಮಾತು ಹೇಳಿಬಿಡುತ್ತಿದ್ದೆವು: "ಅದು ಹಂಗ ಕೂಗತಿರತೈತಿ, ನೀವ್ ಅಂಜಬ್ಯಾಡ್ರಿ."

ಮೂರನೇ ಮಂಚದಲ್ಲಿದ್ದವಳು ಬನಹಟ್ಟಿಯ ಹೆಣ್ಣುಮಗಳು. ಮೂವತ್ತರ ಆಸುಪಾಸು. ಎರಡೂ ಶ್ವಾಸಕೋಶಗಳಿಗೆ ನ್ಯುಮೋನಿಯಾ ಹರಡಿ ಬಂದಿದ್ದಳು. ಮನೆಯಲ್ಲಿ ಮಗ್ಗಕ್ಕೆ ಬಣ್ಣದ ನೂಲಿನ ಕಂಡಿಕೆ ಸುತ್ತುವ ಕೆಲಸ ಮಾಡುತ್ತಿದ್ದವಳು, ಬೆರಳುಗಳ ತುದಿಗೆ ಕಡುನೀಲಿ ಬಣ್ಣ ಹಿಡಿದಿತ್ತು. ಸೋಪು ಹಚ್ಚಿ ತಿಕ್ಕಿದರೂ ಹೋಗಿರಲಿಲ್ಲ. ರಕ್ತದಲ್ಲಿನ ಆಮ್ಲಜನಕ ಅಳೆಯುವ ಕ್ಲಿಪ್ಪು ಬೆರಳಿನ ಮೂಲಕ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ. ಬಣ್ಣವಿದ್ದರೆ ಆ ಲೆಕ್ಕ ತಪ್ಪುತ್ತದೆ. ಬೆಳಗಿನಿಂದ ಆ ಮಾನಿಟರ್ ಸುಳ್ಳುಸುಳ್ಳೇ ಕೂಗುತ್ತಿತ್ತು. ನಾನು ಹೋಗಿ ಬೆರಳು ಬದಲಿಸಿ ಬರುತ್ತಿದ್ದೆ, ಸ್ವಲ್ಪ ಹೊತ್ತಿಗೆ ಮತ್ತೆ ಕೂಗುತ್ತಿತ್ತು. ಸ್ಟೂಲಿನ ಮೇಲೆ ಕುಳಿತಿದ್ದ ಅವಳ ಗಂಡನಿಗೆ ಆ ಬೆಳಿಗ್ಗೆ ನಾನೇ ಮೂರು ಸಲ ಹೇಳಿದ್ದೆ, ಅಂಜಬೇಡಿರೆಂದು. ಮೂರನೆಯ ಸಲ ಸ್ವಲ್ಪ ಬಿರುಸಾಗಿಯೇ ಹೇಳಿದೆ.

ಎರಡಕ್ಕೆ ಇನ್ನೂ ಕೆಲವು ನಿಮಿಷ ಇರುವಾಗ ಆಯಾ ನೆಲ ಒರೆಸಲು ಮಂಚವನ್ನು ಗೇಣುದ್ದ ಸರಿಸಿದ್ದಳು. ಆಗಿನ್ನೂ ನಮಗೆ ಗೋಡೆಯ ಪೈಪಿನಿಂದ ಆಕ್ಸಿಜನ್ ಬರುತ್ತಿರಲಿಲ್ಲ, ಮಂಚದ ಬದಿಗೆ ಸಿಲಿಂಡರ್ ಇಟ್ಟು ನೀರಿನ ಬಾಟಲಿಯ ಮೂಲಕ ಕೊಡುತ್ತಿದ್ದೆವು. ಮಂಚ ಸರಿದಾಗ ಬಾಟಲಿಯ ಮೂತಿಯಿಂದ ಮಾಸ್ಕಿನ ನಳಿಕೆ ಕಳಚಿತ್ತು. ಆದರೆ ಬಾಟಲಿಯಲ್ಲಿ ಗುಳ್ಳೆಗಳು ಏಳುತ್ತಲೇ ಇದ್ದವು. ಗಾಳಿ ಹೊರಗೆ ಹೋಗುತ್ತಿತ್ತು, ಅಷ್ಟೇ. ನೋಡಿದವರಿಗೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತಿತ್ತು. ನಳಿಕೆ ಕಳಚಿದ್ದು ನಮಗೆ ಗೊತ್ತಾದದ್ದು ಆಮೇಲೆ.

ನಾನು ನಾಲ್ಕನೇ ಮಂಚ ಓದಿದೆ, ಐದನೆಯದು ಓದಿದೆ. ಮಾನಿಟರ್ ಕೂಗುತ್ತಲೇ ಇತ್ತು. ಮೂರನೆಯದನ್ನು ಕೊನೆಗೆ ಮಂಚದ ಬಳಿ ಹೋಗಿಯೇ ಹೇಳೋಣವೆಂದು ಬಿಟ್ಟಿದ್ದೆ. ಆರನೆಯದು ಓದುತ್ತಿರುವಾಗ ಸದ್ದಿನ ಧಾಟಿ ಬದಲಾಯಿತು. ನಾವಿಬ್ಬರೂ ಒಟ್ಟಿಗೇ ತಲೆಯೆತ್ತಿದೆವು. ಪರದೆಯ ಮೇಲೆ ಹೃದಯದ ಗೆರೆ ಮಲಗಿತ್ತು.

ದೊಡ್ಡ ಡಾಕ್ಟರು ಕೆಳಗಿನ ಹೊರರೋಗಿ ವಿಭಾಗದಿಂದ ಓಡಿ ಬಂದರು. ಎದೆ ಒತ್ತಿದೆವು, ಗಂಟಲಿಗೆ ಉಸಿರಿನ ನಳಿಕೆ ಇಳಿಸಿದೆವು, ಔಷಧ ಕೊಟ್ಟೆವು. ಮುಕ್ಕಾಲು ಗಂಟೆಯ ಮೇಲೆ ಅವರು ಕೈ ತೆಗೆದರು.

ಆಗ ನಾನು ಮಾಡಿದ್ದನ್ನು ಇಲ್ಲಿ ಬರೆಯಬೇಕು. ಗಂಡ ಗೋಡೆಗೆ ಆತು ನಿಂತಿದ್ದರು. ನಾನು ಅವರ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಅಂದೆ: "ಇಲ್ಲೇ ಕುಂತಿದ್ರಿ ಅಲ್ರೀ. ಒಂದ ಸಲ ಕರಿಯಾಕ ಏನಾಗಿತ್ರಿ?"

ಅವರು ನನ್ನನ್ನೇ ನೋಡುತ್ತ, "ಮಷಿನ್ ಓಡಾಕತ್ತಿತ್ತಲ್ರೀ ಸಿಸ್ಟರ್," ಎಂದರು.

ಏನು ಹೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಮನಸ್ಸೂ ಇರಲಿಲ್ಲ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅವರ ಅಕ್ಕ ಒಳಗೆ ಬಂದಿದ್ದರು. ಆ ಅಕ್ಕನೇ ಸತ್ತವಳ ತಾಯಿ. ಅಕ್ಕನ ಮಗಳನ್ನೇ ಅವರು ಮದುವೆಯಾಗಿದ್ದರು. ನನ್ನ ಮಾತು ಆಕೆಯ ಕಿವಿಗೆ ಬಿದ್ದಿತ್ತು. ಆಕೆ ಮಗಳ ಕಡೆ ಹೋಗಲಿಲ್ಲ. ತಮ್ಮನ ಎದುರು ಬಂದು ನಿಂತು, "ನೀ ಕುಂತ ನೋಡಿದ್ಯೇನೋ?" ಎಂದು ಕೇಳಿದರು.

ದೇಹ ಒಯ್ದ ಮೇಲೆ ಮಂಚ ಒರೆಸಿ ಬೇರೆ ಚಾದರ ಹಾಕಿದರು. ಮುಧೋಳದಿಂದ ಹಾವು ಕಡಿದ ಒಬ್ಬರು ದಾರಿಯಲ್ಲಿದ್ದರು. ಮಾನಿಟರ್‌ನಲ್ಲಿ ಹೊಸ ರೋಗಿಯ ಗುಂಡಿ ಒತ್ತಿದರೆ ಹಿಂದಿನವರ ದಾಖಲೆ ಅಳಿಸಿಹೋಗುತ್ತದೆ. ನಾನು ಒತ್ತಲು ಹೋದವಳು ನಿಂತೆ. ನೆನಪಿನ ಪುಟ ತೆರೆದೆ. ನಿಮಿಷಕ್ಕೊಂದು ಸಾಲು, ಅದರಲ್ಲಿ ನಾಡಿ, ಆಮ್ಲಜನಕ, ಉಸಿರು. ಔಷಧದ ಚೀಟಿ ಬರೆಯುವ ಹಾಳೆಯ ಹಿಂಬದಿಯಲ್ಲಿ ಪೆನ್ನಿನಿಂದ ಎಲ್ಲವನ್ನೂ ಇಳಿಸಿಕೊಂಡೆ. ಒಂದು ಗಂಟೆ ಐವತ್ತೆಂಟು ನಿಮಿಷಕ್ಕೆ ಆಮ್ಲಜನಕ ತೊಂಬತ್ತಮೂರು. ಐವತ್ತೊಂಬತ್ತಕ್ಕೆ ಎಂಬತ್ತೆಂಟು, ಅಲ್ಲಿಂದ ಕೂಗು ಶುರು. ಎರಡಕ್ಕೆ ಎಂಬತ್ತೊಂದು. ಎರಡು ಮೂರಕ್ಕೆ ಅರವತ್ತೆಂಟು. ಹೀಗೇ ಇಳಿಯುತ್ತ ಎರಡು ಹತ್ತಕ್ಕೆ ಅಂಕಿಗಳು ನಿಂತುಹೋಗಿ ಬರೀ ಗೆರೆಗಳಿದ್ದವು. ಹನ್ನೊಂದು ನಿಮಿಷ. ಆಮೇಲೆ ಗುಂಡಿ ಒತ್ತಿದೆ.

ಮರಣದ ಕಾರಣವೆಂದು ಡಾಕ್ಟರು ನ್ಯುಮೋನಿಯಾ ಮತ್ತು ಹೃದಯ ಸ್ತಂಭನ ಎಂದು ಬರೆದರು. ಅದು ಸುಳ್ಳಲ್ಲ. ನಾನು ಆ ಹಾಳೆಯನ್ನು ಅವರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ನೋಡಿದರು. "ಇದನ್ನ ಯಾಕ ಬರ್ಕೊಂಡ್ರಿ ಸಿಸ್ಟರ್?" ಎಂದರು. ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಅವರು ಮಡಚಿ ನನ್ನ ಕೈಗೇ ಕೊಟ್ಟರು.

ಒಂದು ತಿಂಗಳಾದ ಮೇಲೆ ಗಂಡ ಮರಣ ಪತ್ರಕ್ಕೆ ಬೇಕಾದ ಕಾಗದ ಕೇಳಿಕೊಂಡು ಬಂದರು. ಒಬ್ಬರೇ ಬಂದಿದ್ದರು. ಗಡ್ಡ ಬೆಳೆದಿತ್ತು. ಕಾಗದ ತಯಾರಾಗುವವರೆಗೆ ನನ್ನ ಟೇಬಲ್ಲಿನ ಎದುರಿನ ಬೆಂಚಿನ ಮೇಲೆ ಕುಳಿತರು. ನಾನೇ ಮಾತು ತೆಗೆದೆ, ಮಗಳು ಹೇಗಿದ್ದಾಳೆ ಎಂದು. ಆರು ವರ್ಷದ ಮಗುವೊಂದಿದೆ ಎಂದು ರಜಿಸ್ಟರಿನಲ್ಲಿತ್ತು.

"ತೇರದಾಳದಾಗ ಐತ್ರಿ, ಅಕ್ಕನ ಕಡೆ. ಅಕ್ಕ ನನ್ನನ್ನ ಮನ್ಯಾಗ ಕರಕೊಳ್ಳೂದಿಲ್ರಿ. ಹೋದ್ರ ಬಾಗಲಾ ಹಾಕ್ಕೋತಾಳು."

"ಮಗಳನ್ನರ ತೋರಸ್ತಾರೇನ್ರಿ?"

"ಇಲ್ರಿ. ಅಕೀದೇನ ತಪ್ಪ ಐತ್ರಿ? ನಾ ಕರೀಬೇಕಿತ್ತು," ಎಂದರು.

ನಾನು ಸುಮ್ಮನಿದ್ದೆ. ಆ ಹಾಳೆ ನನ್ನ ಚೀಲದಲ್ಲಿಯೇ ಇತ್ತು. ಕಾಗದ ಬಂತು, ಅವರು ಕೈಮುಗಿದು ಹೋದರು. ಮೊದಲನೆಯ ದಿನದ ನನ್ನ ಮಾತಿಗೆ ಗಾಬರಿಯ ನೆಪವಾದರೂ ಇತ್ತು. ಈ ಮೌನಕ್ಕೆ ಯಾವ ನೆಪವೂ ಇರಲಿಲ್ಲ.

ಅವರಿಗೆ ಹೇಳಲಾಗದ್ದನ್ನು ಬೇರೆ ಯಾವುದಾದರೂ ದಾರಿಯಿಂದ ತೀರಿಸಬಹುದು ಎಂದು ನಾನು ಆಗ ಅಂದುಕೊಂಡಿದ್ದಿರಬೇಕು. ಮಾನಿಟರ್‌ಗಳ ಕೆಲಸಕ್ಕೆ ಕೈಹಾಕಿದ್ದು ಅಲ್ಲಿಂದಲೇ.

ಮೊದಲು ಆರೂ ಮಂಚಗಳಿಗೆ ಒಂದೊಂದು ನೂರು ಪುಟದ ನೋಟುಪುಸ್ತಕ ಕಟ್ಟಿದೆ. ನಾಲ್ಕು ಕಾಲಂ ಎಳೆದೆ: ಯಾವಾಗ ಕೂಗಿತು, ಯಾವುದಕ್ಕೆ ಕೂಗಿತು, ಹೋಗಿ ನೋಡಿದಾಗ ಏನಿತ್ತು, ನಾವು ಏನು ಮಾಡಿದೆವು. ಮಹಾಲಿಂಗಪುರದ ಸಿಸ್ಟರ್ ಅದನ್ನು ನೋಡಿ, "ಅಕ್ಕಾರ, ಇದು ಬರ್ಕೋತ ಕುಂತ್ರ ರೋಗಿನ್ನ ಯಾರ ನೋಡಬೇಕ್ರಿ? ಇನ್ನೊಬ್ಬ ಸಿಸ್ಟರ್‌ನ ಬರಿಯಾಕ ಇಟ್ಕೋರಿ," ಎಂದು ನಕ್ಕಳು. ಮೊದಲ ದಿನವೇ ಒಂದು ಪುಸ್ತಕದಲ್ಲಿ ನಾಲ್ಕು ಪುಟ ತುಂಬಿದವು. ಸಂಜೆ ನಾವಿಬ್ಬರೂ ಕೂತು ನೋಡಿದೆವು. ನಾಲ್ಕನೇ ಕಾಲಂ ಹೆಚ್ಚುಕಡಿಮೆ ಖಾಲಿ. ಕೂಗಿದ್ದಕ್ಕೆಲ್ಲ ನಾವು ಮಾಡಿದ್ದು ಒಂದೇ: ಸದ್ದು ನಿಲ್ಲಿಸುವ ಗುಂಡಿ ಒತ್ತಿದ್ದು. ಆಕೆ ನಗಲಿಲ್ಲ.

ಎರಡು ವಾರ ಬರೆದ ಮೇಲೆ ಕಾರಣಗಳು ಬೇರೆಬೇರೆಯಾಗಿ ಕಾಣತೊಡಗಿದವು. ಹೃದಯದ ಗೆರೆ ಹಿಡಿಯಲು ಎದೆಗೆ ಅಂಟಿಸುವ ಬಿಲ್ಲೆಗಳನ್ನು ಉಳಿತಾಯವೆಂದು ಮೂರು ಮೂರು ದಿನ ಬಿಡುತ್ತಿದ್ದೆವು. ಬೆವರಿಗೆ ಅಂಟು ಬಿಟ್ಟು, ಒಳಗಿನ ಜೆಲ್ಲಿ ಒಣಗಿ, ರೋಗಿ ಮಗ್ಗುಲಾದರೂ ಸಾಕು, ಯಂತ್ರ ಹೃದಯ ಕೆಟ್ಟಿತೆಂದು ಕೂಗುತ್ತಿತ್ತು. ದಿನಾ ಬೆಳಿಗ್ಗೆ ಮೈ ಒರೆಸಿದ ಮೇಲೆ ಒಣ ಬಟ್ಟೆಯಿಂದ ಚರ್ಮ ಉಜ್ಜಿ ಹೊಸ ಬಿಲ್ಲೆ ಹಾಕತೊಡಗಿದೆವು. ಇಷ್ಟರಿಂದಲೇ ಒಂದು ಬಗೆಯ ಕೂಗು ಬಹಳ ಕಡಿಮೆಯಾಯಿತು.

ಆಮೇಲೆ ಬೆರಳು. ಬಣ್ಣದ ಕೆಲಸದವರ ಬೆರಳು, ಮೆಹಂದಿ ಹಚ್ಚಿದ ಉಗುರು, ಕಬ್ಬು ಕಡಿದು ದಡ್ಡುಗಟ್ಟಿದ ತುದಿ. ಇಂಥವರು ಬಂದರೆ ಕ್ಲಿಪ್ಪನ್ನು ಕಿವಿಯ ತುದಿಗೋ ಕಾಲ್ಬೆರಳಿಗೋ ಹಾಕಬೇಕೆಂದು ದಾಖಲಾತಿಯ ಹಾಳೆಯಲ್ಲೇ ಒಂದು ಸಾಲು ಸೇರಿಸಿದೆ: "ಬೆರಳು ನೋಡಿದ್ದೀರಾ?" ಆ ಸಾಲು ಬರೆಯುವಾಗ ಕಡುನೀಲಿ ತುದಿಯ ಬೆರಳುಗಳು ಕಣ್ಣ ಮುಂದಿದ್ದವು. ಆ ಬೆಳಿಗ್ಗೆಯೇ ಕ್ಲಿಪ್ಪನ್ನು ಆಕೆಯ ಕಾಲಿಗೆ ಹಾಕಿದ್ದರೆ ಸುಳ್ಳು ಕೂಗು ಇರುತ್ತಿರಲಿಲ್ಲ. ಎರಡರ ಹೊತ್ತಿಗೆ ಕೂಗಿದ್ದು ನಿಜವೆಂದು ನಮಗೆ ಗೊತ್ತಾಗುತ್ತಿತ್ತು.

ಮೂರನೆಯದು ಮಿತಿಗಳು. ಯಂತ್ರ ಕಾರ್ಖಾನೆಯಿಂದ ಬರುವಾಗಲೇ ಅದರಲ್ಲಿ ಮಿತಿ ಹಾಕಿರುತ್ತಾರೆ. ಆಮ್ಲಜನಕ ತೊಂಬತ್ತಕ್ಕಿಂತ ಇಳಿದರೆ ಕೂಗು, ನಾಡಿ ನೂರಿಪ್ಪತ್ತಕ್ಕಿಂತ ಏರಿದರೆ ಕೂಗು. ನಲವತ್ತು ವರ್ಷ ಬೀಡಿ ಸೇದಿದ ಬೀಳಗಿಯ ಮುದುಕನಿಗೆ ಎಂಬತ್ತೆಂಟೇ ಸಹಜ. ಆತನ ಪಕ್ಕದ ಯಂತ್ರ ದಿನವಿಡೀ ಕೂಗುತ್ತಿತ್ತು. ಪ್ರತಿ ರೋಗಿಗೆ ಮಿತಿ ಇಷ್ಟೆಂದು ಡಾಕ್ಟರೇ ಬರೆದುಕೊಡಬೇಕೆಂದು ಕೇಳಿದೆ. "ನಾ ಔಷಧಿ ಬರೀಬೇಕೋ, ಮಷಿನ್ ನಂಬರ್ ಬರೀಬೇಕೋ?" ಎಂದು ರೇಗಿದರು. ಮರುದಿನ ರೌಂಡ್ಸಿಗೆ ಬಂದವರು ಏನೂ ಹೇಳದೆ ಒಬ್ಬೊಬ್ಬರ ಹಾಳೆಯ ಮೇಲೆ ಎರಡೆರಡು ಅಂಕಿ ಬರೆಯುತ್ತ ಹೋದರು. ಮೂರನೇ ಮಂಚದ ಬಳಿ ಮಾತ್ರ ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದರು.

ಆರೇಳು ದಿನ ಎಲ್ಲವೂ ಚೆನ್ನಾಗಿ ನಡೆಯಿತು. ಎಂಟನೆಯ ದಿನ ಪುಸ್ತಕಗಳು ಮತ್ತೆ ಮೊದಲಿನಂತೆ ತುಂಬಿದವು. ಎಲ್ಲಿ ತಪ್ಪಿತೆಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಕರೆಂಟು ಹೋಗಿ ಜನರೇಟರ್ ಹತ್ತುವವರೆಗಿನ ಅರೆ ನಿಮಿಷದಲ್ಲಿ ಮಾನಿಟರ್‌ಗಳು ಆರಿ ಹತ್ತುತ್ತಿದ್ದವು. ಹತ್ತಿದಾಗ ನಮ್ಮ ಮಿತಿಗಳೆಲ್ಲ ಅಳಿಸಿ ಕಾರ್ಖಾನೆಯ ಮಿತಿಗಳು ಬಂದು ಕೂರುತ್ತಿದ್ದವು. ನಮ್ಮ ಕಡೆ ಒಂದು ವಾರ ಕರೆಂಟು ಹೋಗದೇ ಇದ್ದದ್ದೇ ಅಪರೂಪ.

ಬೆಳಗಾವಿಯಿಂದ ಯಂತ್ರ ದುರಸ್ತಿಯವರನ್ನು ಕರೆಸಿದೆವು. ಬಂದವರು ನಡುವಯಸ್ಸಿನ ನಗೆಮೊಗದ ಮನುಷ್ಯ. "ಸಿಸ್ಟರ್, ಇಷ್ಟ ವರ್ಷದಾಗ ಎಲ್ಲಾರೂ ಮಷಿನ್ ಕೂಗವಲ್ದು ಅಂತ ನನ್ನ ಕರದಾರ. ಭಾಳ ಕೂಗತೈತಿ ಅಂತ ಕರದವರು ನೀವ ಮೊದಲ್ನೇದವರು," ಎಂದು ಸ್ಕ್ರೂ ಬಿಚ್ಚತೊಡಗಿದರು. ಆರೂ ಯಂತ್ರಗಳ ಒಳಗಿನ ಬ್ಯಾಟರಿ ಸತ್ತಿದ್ದವು. ಹೊಸದು ಹಾಕಿದರು. ಗುಪ್ತ ಸಂಖ್ಯೆ ಹಾಕಿ ತೆರೆಯುವ ಒಳಗಿನ ಪುಟಕ್ಕೆ ಹೋಗಿ, ಆರಿ ಹತ್ತಿದರೂ ನಮ್ಮ ಮಿತಿಗಳೇ ಉಳಿಯುವಂತೆ ಮಾಡಿದರು. ಕ್ಲಿಪ್ಪು ಕಳಚಿದಾಗ ಬರುವ ಸದ್ದಿಗೂ ಆಮ್ಲಜನಕ ಇಳಿದಾಗ ಬರುವ ಸದ್ದಿಗೂ ಬೇರೆಬೇರೆ ಧಾಟಿ ಇಟ್ಟರು. ಅಂಕಿ ಇಳಿದ ಕೂಡಲೇ ಕೂಗದೆ, ಹತ್ತು ಸೆಕೆಂಡು ಕಾದು, ಆಗಲೂ ಇಳಿದೇ ಇದ್ದರೆ ಕೂಗುವಂತೆ ಮಾಡಿದರು.

ಆಮೇಲೆ ನಾನೇ ಒಂದು ತಪ್ಪು ಮಾಡಿದೆ. ಐದನೇ ಮಂಚದಲ್ಲಿ ಸಹಜವಾಗಿಯೇ ನಾಡಿ ನಿಧಾನವಿದ್ದ ರೋಗಿಗೆಂದು ಕೆಳಗಿನ ಮಿತಿಯನ್ನು ಬಹಳ ಇಳಿಸಿದ್ದೆ. ಆತ ಮನೆಗೆ ಹೋದ, ಆ ಮಂಚಕ್ಕೆ ಸಾವಳಗಿಯ ಒಬ್ಬ ಹೆಂಗಸು ಬಂದಳು. ಮಿತಿ ಹಾಗೇ ಉಳಿಯಿತು. ಆಕೆಯ ನಾಡಿ ಕುಸಿಯುತ್ತ ಹೋದರೂ ಯಂತ್ರ ಸದ್ದು ಮಾಡಲಿಲ್ಲ. ಕೈಹಿಡಿದು ನಾಡಿ ಎಣಿಸುವ ಹಳೇ ರೂಢಿ ಬಿಡದ ಮಹಾಲಿಂಗಪುರದ ಸಿಸ್ಟರ್‌ಗೆ ಅದು ಸಿಕ್ಕಿತು, ಸಾವಳಗಿಯವಳು ಉಳಿದಳು. "ಅಕ್ಕಾರ, ಕೂಗಿದ್ರೂ ಒಂದ ಚಿಂತಿ, ಕೂಗಲಿಲ್ಲಂದ್ರೂ ಒಂದ ಚಿಂತಿ ಆತಲ್ರೀ," ಎಂದಳು.

ಅಂದೇ ರಜಿಸ್ಟರನ್ನು ಟೇಬಲ್ಲಿನಿಂದ ತೆಗೆದೆ. ಪಾಳಿ ಬದಲಾಗುವಾಗ ಕೂತು ಓದುವಂತಿಲ್ಲ. ಇಬ್ಬರೂ ಮಂಚದಿಂದ ಮಂಚಕ್ಕೆ ನಡೆಯಬೇಕು. ನಳಿಕೆಯನ್ನು ಸಿಲಿಂಡರಿನಿಂದ ಮಾಸ್ಕಿನವರೆಗೆ ಕೈಯಲ್ಲಿ ಹಿಡಿದು ನೋಡಬೇಕು. ಮಿತಿಗಳನ್ನು ಗಟ್ಟಿಯಾಗಿ ಓದಿ ಹೇಳಬೇಕು. ಪಾಳಿ ಮುಗಿಯಲು ಕಾಲು ಗಂಟೆ ಹೆಚ್ಚು ಹಿಡಿಯಿತು. ಬಸ್ಸು ತಪ್ಪುತ್ತದೆಂದು ಎಲ್ಲರೂ ಗೊಣಗಿದರು, ಆದರೆ ಮಾಡಿದರು.

ಘಟಕ ನಿಧಾನವಾಗಿ ಶಾಂತವಾಯಿತು. ಎಷ್ಟೋ ಹೊತ್ತು ಫ್ಯಾನಿನ ಸದ್ದು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಅಂಥ ಒಂದು ಬೆಳಿಗ್ಗೆ ನಾಲ್ಕನೇ ಮಂಚದ ಪಕ್ಕದ ಸ್ಟೂಲಿನಿಂದ ರಬಕವಿಯ ಮುದುಕರೊಬ್ಬರು ಎದ್ದು ಓಡಿ ಬಂದರು. ಅವರ ಹೆಂಡತಿಗೆ ಹೃದಯಾಘಾತವಾಗಿ ಎರಡು ದಿನವಾಗಿತ್ತು.

"ಬಾಯಾರ, ಲಗೂ ಬರ್ರಿ, ಮಷಿನ್ ಬಂದ್ ಬಿದ್ದೈತಿ!"

ಓಡಿ ಹೋಗಿ ನೋಡಿದೆ. ಗೆರೆ ಸರಿಯಿತ್ತು, ಅಂಕಿಗಳು ಸರಿಯಿದ್ದವು, ಮುದುಕಿ ನಿದ್ದೆ ಮಾಡುತ್ತಿದ್ದಳು.

"ಎಲ್ಲಾ ಛಲೋ ಐತಲ್ರೀ, ಕಾಕಾ."

"ಮತ್ತ ಸದ್ದ ಯಾಕ ಇಲ್ರಿ? ನಿನ್ನೆ ಕೂಗಿ ಕೂಗಿ ಇಡತಿತ್ತು. ಇವತ್ತ ಮುಂಜಾನಿಂದ ಪಿಟ್ ಅಂದಿಲ್ಲ."

ಕೂಗದಿದ್ದರೆ ಒಳ್ಳೆಯದು, ಕೂಗಿದರೆ ತೊಂದರೆ ಎಂದು ವಿವರಿಸಿದೆ. ಅವರು ನಂಬಲಾರದವರಂತೆ ನನ್ನ ಮುಖ ನೋಡಿದರು.

"ನಂದು ಉಲ್ಟಾ ಐತ್ರಿ ಬಾಯಾರ. ನಾ ನಾಕ ಪವರ್‌ಲೂಮ್ ನೋಡ್ಕೋತೇನಿ. ಸದ್ದ ಇರೂತನಕ ನಾ ತಲಿ ಎತ್ತೂದಿಲ್ರಿ. ಎಳಿ ಹರದ ಒಂದ ಮಗ್ಗ ನಿಂತ್ರ ಸಾಕು, ನಿದ್ದ್ಯಾಗಿದ್ರೂ ಎದ್ದ ಕುಂದರ್ತೇನಿ. ಓಡಾಕತ್ತೈತಿ ಅಂದ್ರ ಚಿಂತಿ ಇಲ್ಲ. ನಿಂತ್ರ ಗಾಬರಿ."

ಆಮೇಲೆ ತಾವೇ ನಕ್ಕು, "ಹುಟ್ಟಿದಾಗಿಂದ ಆ ಸದ್ದಿನಾಗ ಅದೇವ್ರಿ. ಕಿವಿ ಹಂಗ ಕಲತೈತಿ," ಎಂದರು.

ನಾನು ಟೇಬಲ್ಲಿಗೆ ಬಂದು ಕುಳಿತೆ. ಮಷಿನ್ ಓಡಾಕತ್ತಿತ್ತಲ್ರೀ. ಆ ದಿನ ಬನಹಟ್ಟಿಯವಳ ಗಂಡ ನನಗೆ ಹೇಳಿದ್ದು ಅದನ್ನೇ. ಅವರೂ ಪವರ್‌ಲೂಮ್ ನೋಡಿಕೊಳ್ಳುವವರೇ. ಹೆಂಡತಿಯ ಪಕ್ಕದ ಯಂತ್ರ ಒಂದೇ ಸಮ ಸದ್ದು ಮಾಡುತ್ತಿತ್ತು. ಬಾಟಲಿಯಲ್ಲಿ ಗುಳ್ಳೆ ಏಳುತ್ತಿತ್ತು. ಅಂಜಬೇಡಿರೆಂದು ಸಿಸ್ಟರ್ ಮೂರು ಸಲ ಹೇಳಿದ್ದಳು. ಅವರು ಅಲಕ್ಷ್ಯದಿಂದ ಕೂತಿರಲಿಲ್ಲ. ಸದ್ದು ನಿಂತುಬಿಟ್ಟರೆ ಎಂದು ಕಿವಿಗೊಟ್ಟು ಕೂತಿದ್ದರು. ಹನ್ನೊಂದು ನಿಮಿಷವೂ ಆ ಕೋಣೆಯಲ್ಲಿ ಆಕೆಯನ್ನು ಕಾಯುತ್ತಿದ್ದವರು ಅವರೊಬ್ಬರೇ.

ಮರುದಿನ ಡಾಕ್ಟರ ಬಳಿ ಹೋಗಿ, ಬನಹಟ್ಟಿಗೆ ಹೋಗಿ ಎಲ್ಲ ಹೇಳಿಬರುತ್ತೇನೆ ಎಂದೆ.

"ಹೇಳಿದ್ರ ಏನಾದೀತು ಗೊತ್ತದೇನ್ರಿ?" ಎಂದರು.

"ಗೊತ್ತೈತ್ರಿ, ಸರ್."

"ಕೇಸ್ ಹಾಕಿದ್ರ ಹಾಕ್ಲಿ. ಆದ್ರ ಸಿಸ್ಟರ್, ನೀವು ನಿಮ್ಮ ಮನಸ್ಸ ಹಗುರ ಮಾಡ್ಕೊಳ್ಳಾಕ ಹೋಗೂದಿದ್ರ ಹೋಗಬ್ಯಾಡ್ರಿ. ಅವರ ಸಲುವಾಗಿ ಹೋಗೂದಿದ್ರ ಹೋಗ್ರಿ," ಎಂದರು. ಎರಡರಲ್ಲಿ ಯಾವುದೆಂದು ನನಗೆ ಇಂದಿಗೂ ಖಚಿತವಿಲ್ಲ. ಆದರೂ ಹೋದೆ.

ಬನಹಟ್ಟಿಯಲ್ಲಿ ಆಕೆಯ ಗಂಡ ಕೂಲಿಗೆ ಹೋಗುವ ಮಗ್ಗದ ಶೆಡ್ಡು ಕೇಳಿಕೊಂಡು ಹೋದೆ. ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳುವಂತಿರಲಿಲ್ಲ. ಅವರು ನನ್ನನ್ನು ಕಂಡು ಹೊರಗೆ ಬಂದರು. ರಸ್ತೆ ಬದಿಯ ಕಟ್ಟೆಯ ಮೇಲೆ ಕುಳಿತು ಹಾಳೆ ಬಿಚ್ಚಿ ಒಂದೊಂದೇ ಸಾಲು ಓದಿದೆ. ನಳಿಕೆ ಕಳಚಿದ್ದು, ನಾನು ಕೇಳಿಸಿಕೊಂಡೂ ಏಳದಿದ್ದುದು, ಆಮೇಲೆ ತಪ್ಪನ್ನು ಅವರ ಮೇಲೆ ಹಾಕಿದ್ದು. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಲಿ ಎಂದು ನಾನು ಕಾಯುತ್ತಿದ್ದೆ. ಅಂಗಿಯ ತೋಳಿಗಂಟಿದ ಹತ್ತಿಯ ಧೂಳನ್ನು ಕೊಡವುತ್ತ ಕುಳಿತಿದ್ದರು.

"ನನ್ನ ಮುಂದ ಹೇಳಿ ಏನ ಮಾಡ್ತೀರಿ ಸಿಸ್ಟರ್," ಎಂದರು ಕೊನೆಗೆ. "ಅಕ್ಕನ ಮುಂದ ಹೇಳ್ತೀರೇನ್ರಿ?"

ಆ ಕ್ಷಣವೇ ಹೊರಟೆವು. ತೇರದಾಳದ ಬಸ್ಸಿನಲ್ಲಿ ಅವರು ಹಿಂದಿನ ಸೀಟಿನಲ್ಲಿ ಕೂತರು, ನಾನು ಹೆಂಗಸರ ನಡುವೆ ಮುಂದೆ.

ಅಕ್ಕ ಅಂಗಳದಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ತಮ್ಮನನ್ನು ಕಂಡು ಎದ್ದು ಒಳಗೆ ಹೋಗಲು ತಿರುಗಿದರು. "ಅವ್ವಾರ, ನಾ ದವಾಖಾನಿ ಸಿಸ್ಟರ್ ಅದೇನ್ರಿ. ಒಂದ ಮಾತ ಕೇಳ್ರಿ," ಎಂದೆ. ಅವರು ಹೊಸ್ತಿಲ ಮೇಲೆ ನಿಂತರು. ನಾನು ಅಂಗಳದಲ್ಲೇ ನಿಂತು ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಈ ಸಲ ಹಾಳೆ ನೋಡಬೇಕಾಗಲಿಲ್ಲ.

"ಅದು ಕೂಗೂಮುಂದ ನೀ ಎಲ್ಲಿದ್ದಿ?" ಎಂದು ಕೇಳಿದರು.

"ಅಲ್ಲೇ ಟೇಬಲ್ ಕಡೆ ಇದ್ನಿರಿ."

"ಎಷ್ಟ ದೂರ?"

ನಾನು ನಿಂತಲ್ಲಿಂದ ಹೊಸ್ತಿಲವರೆಗೆ ಕೈ ತೋರಿಸಿದೆ. ಅದಕ್ಕಿಂತ ಹೆಚ್ಚಿರಲಿಲ್ಲ.

"ನಿನಗ ಕೇಳಸಾಕತ್ತಿತ್ತು?"

"ಕೇಳಸಾಕತ್ತಿತ್ರಿ."

"ಮತ್ತ?"

"ಏಳಲಿಲ್ರಿ."

ಅವರು ಬೈಯಲಿಲ್ಲ. ಆಮೇಲೆ ತಮ್ಮನ ಕಡೆ ತಿರುಗಿದರು. ಅಷ್ಟು ತಿಂಗಳಲ್ಲಿ ಆತನೊಡನೆ ಆಡಿದ ಮೊದಲ ಮಾತು ಅದೇ ಇರಬೇಕು.

"ಅಂಜಬ್ಯಾಡ ಅಂತ ಇವರ ಹೇಳಿದ್ರಂತ. ನನ್ನ ಮುಂದ ಯಾಕ ಹೇಳಲಿಲ್ಲೋ ತಮ್ಮಾ?"

"ನನಗ ಅದು ನೆನಪ ಇರಲಿಲ್ಲಕ್ಕಾ," ಎಂದರು ಅವರು. "ಯಾಕ ಕರೀಲಿಲ್ಲ ಅಂತ ಸಿಸ್ಟರ್ ಕೇಳಿದ್ರಲ್ಲ, ಅದೊಂದ ನೆನಪ ಉಳೀತು."

ಅಕ್ಕ ಒಳಗೆ ಹೋದರು. ಬಾಗಿಲು ಹಾಕಲಿಲ್ಲ. ತಾಮ್ರದ ತಂಬಿಗೆಯಲ್ಲಿ ನೀರು ತಂದು ಮೆಟ್ಟಿಲ ಮೇಲೆ ಇಟ್ಟು, "ಕಾಲ ತೊಳ್ಕೊಂಡ ಒಳಗ ಬಾ. ಕೂಸು ಮಲಗೈತಿ, ಎಬ್ಬಸಬ್ಯಾಡ," ಎಂದರು. ತಮ್ಮ ಬಗ್ಗಿ ತಂಬಿಗೆ ಎತ್ತಿಕೊಂಡರು. ಕಾಲ ಮೇಲೆ ನೀರು ಹಾಕಿಕೊಳ್ಳದೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟರು. ಅಕ್ಕ ಅದನ್ನು ತೆಗೆದುಕೊಂಡು ತಾವೇ ತಮ್ಮನ ಪಾದಗಳ ಮೇಲೆ ನೀರು ಹಾಕಿದರು.

ಆಮೇಲೆ ನನ್ನ ಕಡೆ ನೋಡದೆ, "ಜಮಖಂಡಿ ಬಸ್ಸ ಈಗ ಬರತೈತಿ," ಎಂದರು.

ಉತ್ತರ ಕರ್ನಾಟಕದಲ್ಲಿ ಬಿಸಿಲಲ್ಲಿ ಬಂದವರನ್ನು ನೀರು ಬೇಕೇ ಎಂದು ಕೇಳದೆ ಯಾರೂ ಕಳಿಸುವುದಿಲ್ಲ. ನನ್ನನ್ನು ಕೇಳಲಿಲ್ಲ. ನಾನೂ ನಿಲ್ಲಲಿಲ್ಲ.